ಮುಳುಗಿದ ದೋಣಿಯೂ ದಡ ಸೇರಿದ ದೋಣಿಯೂ

ಇಟಲಿಯ ಪೀಸಾ ಅಂದರೆ ನೆನಪಾಗುವುದು ವಾಲಿದ ಗೋಪುರ. ಅದೇ ಊರಲ್ಲಿ, ಆರ್ನೋ ನದಿಯ ದಂಡೆಯ ಮೇಲೆ, ಹಳೆಯ ದೋಣಿಗಳ ವಸ್ತುಸಂಗ್ರಹಾಲಯವೊಂದಿದೆ. 1998ರಲ್ಲಿ ಸ್ಯಾನ್ ರೊಸ್ಸೋರೆ ರೈಲು ನಿಲ್ದಾಣದ ಬಳಿ ಕಟ್ಟಡಕ್ಕೆಂದು ನೆಲ ಅಗೆದಾಗ, ಹೂತುಹೋಗಿದ್ದ ನದಿಪಾತ್ರದಲ್ಲಿ ಸುಮಾರು ಮೂವತ್ತು ದೋಣಿ, ಹಡಗುಗಳ ಅವಶೇಷ ಸಿಕ್ಕವು. ಅವುಗಳಿಗಾಗಿ ರೂಪಿಸಿದ ಸಂಗ್ರಹಾಲಯ 2019ರಲ್ಲಿ ತೆರೆಯಿತು. ಸಂಶೋಧನೆಯ ಕೆಲಸಕ್ಕೆ ಆ ಕಡೆ ಹೋದಾಗ ಅದನ್ನು ನೋಡಿ ಬಂದೆ. ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ: ಉಳಿದುಕೊಂಡದ್ದಕ್ಕೇ ನಾವು ಸಲ್ಲಿಸುವ ಗೌರವ ನ್ಯಾಯವಾದದ್ದೇ?

ಅಲ್ಲಿರುವವು ಮುಳುಗಿದ ದೋಣಿಗಳು. ಪ್ರವಾಹ ಬಂದು ಮುಳುಗಿಸಿತು, ಕೆಸರು ಮುಚ್ಚಿತು. ಗಾಳಿಯಾಡದ ಕೆಸರಿನಲ್ಲಿ ಮರ ಕೊಳೆಯಲಿಲ್ಲ. ಸುಮಾರು ಎರಡು ಸಾವಿರ ವರ್ಷ ಹಿಂದಿನ ದೋಣಿಯೊಂದರ ಹಲಗೆಯ ಮೇಲೆ ‘ಅಲ್ಕೆದೊ’ ಎಂದು ಕೊರೆದ ಅದರ ಹೆಸರೂ ಉಳಿದಿದೆ. ಅದೇ ಕಾಲದಲ್ಲಿ ದಿನವೂ ಸರಕು ಸಾಗಿಸಿ, ಕ್ಷೇಮವಾಗಿ ಹಿಂದಿರುಗಿ, ಮುದಿಯಾದ ಮೇಲೆ ಬಿಚ್ಚಿಸಿಕೊಂಡು ಸೌದೆಯಾದ ದೋಣಿಗಳ ಗುರುತೇ ಇಲ್ಲ. ಕೆಲಸವನ್ನು ಪೂರ್ತಿ ಮಾಡಿದ್ದೇ ಅವು ಅಳಿಯಲು ಕಾರಣ.

ಅಲ್ಲಿ ಸಿಕ್ಕ ಇನ್ನೊಂದು ಹಡಗಿನ ಜೊತೆ ಒಬ್ಬ ಮನುಷ್ಯನ ಮತ್ತು ಒಂದು ನಾಯಿಯ ಅಸ್ಥಿಗಳು ದೊರೆತವು. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಆದರೂ ಇಂದು ಜಗತ್ತಿನ ಜನ ಅವನಿಗಾಗಿ ಒಂದು ಕ್ಷಣ ನಿಲ್ಲುತ್ತಾರೆ. ಹೀಗೆ ನೆನಪಿನಲ್ಲಿ ಉಳಿಯುತ್ತೀಯೋ, ದಡ ಸೇರಿ ಮರೆತುಹೋಗುತ್ತೀಯೋ ಎಂದು ಕೇಳಿದ್ದರೆ ಅವನು ದಡವನ್ನೇ ಬೇಡುತ್ತಿದ್ದ, ನಾಯಿಯನ್ನೂ ಕರೆದುಕೊಂಡು. ನಮ್ಮ ಇತಿಹಾಸದ ಜ್ಞಾನ ಎಷ್ಟೋ ಸಲ ಇನ್ನೊಬ್ಬರ ಆಪತ್ತಿನಿಂದ ಬಂದದ್ದು.

ನಮ್ಮ ತುಂಗಭದ್ರೆಯ ಹರಿಗೋಲನ್ನು ನೋಡಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೆಣಿಗೆ ಸಡಿಲವಾದರೆ ಹಳೆಯದನ್ನು ಎಸೆದು ಹೊಸದನ್ನು ಹೆಣೆಯುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿಡುವಂಥದ್ದೇನೂ ಅಲ್ಲಿ ಉಳಿಯುವುದಿಲ್ಲ. ಹೆಣೆಯುವುದು ಮಾತ್ರ ಕೈಯಿಂದ ಕೈಗೆ ಬಂದಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ದೋಣಿಯೂ ನಮಗೆ ಸಿಕ್ಕಿಲ್ಲ. ವಚನಗಳು ಸಿಕ್ಕಿವೆ. ವಚನ ಹೇಳದ ಅಂಬಿಗರು ಎಷ್ಟು ಮಂದಿಯೋ!

ನಾನಿರುವುದು ತುಮಕೂರಿನ ಸತ್ಯಮಂಗಲದಲ್ಲಿ. ದೋಣಿಯಲ್ಲಿ ದಾಟುವಂಥ ಹೊಳೆ ಇಲ್ಲಿಲ್ಲ. ನಮ್ಮದು ಕೆರೆಗಳ ಸೀಮೆ. ಆದರೆ ಪ್ರಶ್ನೆ ಇಲ್ಲಿಗೂ ಬರುತ್ತದೆ. ಕೆರೆ ಕಟ್ಟಿಸಿದವರ, ಒಡೆದ ಏರಿಯನ್ನು ಸರಿಪಡಿಸಿದವರ ಹೆಸರು ಕರ್ನಾಟಕದ ಎಷ್ಟೋ ಶಾಸನಗಳಲ್ಲಿದೆ. ವರ್ಷವರ್ಷವೂ ತೂಬು ತೆರೆದು ಮುಚ್ಚಿ, ಹೊಲಹೊಲಕ್ಕೆ ನೀರು ಹಂಚಿ, ಏರಿ ಒಡೆಯದಂತೆ ಕಾದ ನೀರುಗಂಟಿಯ ಹೆಸರು ಹುಡುಕಿ ನೋಡಿ. ಒಡೆಯದ ಏರಿಗೆ ಶಾಸನ ಯಾರು ಬರೆಸುತ್ತಾರೆ?

ವಿಚಾರ ಸಂಕಿರಣಗಳಲ್ಲಿ ಮೊದಲು ಕೇಳುವ ಪ್ರಶ್ನೆ ‘ಆಧಾರವೇನು?’ ಕೇಳಲೇಬೇಕು. ಆಧಾರವಿಲ್ಲದ ಜಾಗವನ್ನು ಕಲ್ಪನೆಯಿಂದ ತುಂಬಿದರೆ ಸುಳ್ಳು ಬೆಳೆಯುತ್ತದೆ, ಅದರಿಂದ ನೀರುಗಂಟಿಗೂ ಅಂಬಿಗನಿಗೂ ನ್ಯಾಯ ಸಿಗುವುದಿಲ್ಲ. ಆದರೆ ಆಧಾರ ಸಿಕ್ಕಿಲ್ಲ ಎನ್ನುವುದಕ್ಕೂ ಅವರಿಗೆ ಇತಿಹಾಸವೇ ಇಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತನ್ನು ಆಡುವಾಗ ನಾವು ಕೆಸರಿನ ತೀರ್ಪನ್ನು ನಮ್ಮ ತೀರ್ಪಾಗಿ ಓದುತ್ತಿರುತ್ತೇವೆ. ಯಾವುದನ್ನು ಉಳಿಸಬೇಕು ಎಂದು ಕೆಸರು ಯೋಗ್ಯತೆ ನೋಡಿ ಆರಿಸಲಿಲ್ಲ.

ಹಾಗಾದರೆ ಸಂಶೋಧಕರು ಮಾಡಬಹುದಾದದ್ದು ಸಣ್ಣದು. ಖಾಲಿ ಜಾಗವನ್ನು ಮುಚ್ಚಿಹಾಕದೆ, ಇಲ್ಲಿ ಯಾರೋ ಕೆಲಸ ಮಾಡುತ್ತಿದ್ದರು, ಅವರ ಕೆಲಸ ಕೆಡಲಿಲ್ಲವಾದ್ದರಿಂದ ನಮಗೆ ಕಾಣುತ್ತಿಲ್ಲ ಎಂದು ಒಂದು ಸಾಲು ಬರೆದಿಡುವುದು. ಅವರು ದಾಟಿಸಿದ ಜನರ ಮೊಮ್ಮಕ್ಕಳು ನಾವು.