ಎಣಿಸುವವನ ಅಹಿಂಸೆ

ಜೀವಿಯನ್ನು ಕೊಲ್ಲದಿರುವುದು ಅಹಿಂಸೆಯ ಮೊದಲ ಮೆಟ್ಟಿಲೆಂಬುದು ಶ್ರಾವಕರೆಲ್ಲರಿಗೂ ತಿಳಿದ ವಿಷಯ. ಆದರೆ ಜೀವಿಯನ್ನು ಅರಿಯುವ ಸಲುವಾಗಿ, ಅದರ ಹಿತಕ್ಕಾಗಿಯೇ, ಅದನ್ನು ಒಂದು ಇರುಳು ತಡೆದು ನಿಲ್ಲಿಸಬಹುದೇ? ಈ ಪ್ರಶ್ನೆ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ. ಊರ ಕೆರೆಯ ಏರಿ, ಬಸದಿಯ ಹಿಂದಿನ ಕುರುಚಲು, ಮನೆಯ ಹಿತ್ತಿಲು ಮುಂತಾದ ಒಂದು ಚಿಕ್ಕ ತಾಣವನ್ನು ಆರಿಸಿಕೊಂಡು, ಅಲ್ಲಿ ಕಾಣುವ ಹಕ್ಕಿಗಳನ್ನೂ ಪತಂಗಗಳನ್ನೂ ವರ್ಷವಿಡೀ ಬರೆದಿಡುವ ಹವ್ಯಾಸವು ಇಂದು ಹಲವು ದೇಶಗಳಲ್ಲಿ ಬೆಳೆದಿದೆ. ನಮ್ಮ ನಾಡಿನ ತರುಣರಲ್ಲಿಯೂ ಕಾಣಬರುತ್ತಿದೆ. ಆದುದರಿಂದ ಇದನ್ನು ಧರ್ಮದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಮೊದಲು ಹಕ್ಕಿಗಳ ವಿಷಯ. ಒಂದೇ ತಾಣಕ್ಕೆ ಮತ್ತೆ ಮತ್ತೆ ಹೋಗಿ, ದೂರದಲ್ಲಿ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳುವವನು ಯಾರಿಗೂ ಕೇಡು ಮಾಡುವುದಿಲ್ಲ. ಅಪರೂಪದ ಹಕ್ಕಿಯನ್ನು ಅರಸಿ ನೂರಾರು ಮೈಲಿ ಓಡುವವನಿಗೂ ಇವನಿಗೂ ಅಂತರವಿದೆ. ಇವನು ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಂಡವನು. ನಮ್ಮ ದೇಶವ್ರತದ ನೆರಳು ಇವನ ಮೇಲಿದೆ ಎನ್ನಬಹುದು. ಇಂತಹ ಸಾಮಾನ್ಯರ ಬರಹಗಳೆಲ್ಲ ಕೂಡಿದಾಗ ದೊಡ್ಡ ಅರಿವು ಮೂಡುತ್ತದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ಮೂವತ್ತು ಸಾವಿರಕ್ಕೂ ಮಿಕ್ಕಿದ ವೀಕ್ಷಕರ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಾಮರ್ಶಿಸಿತು. ಅವುಗಳಲ್ಲಿ 178 ಪ್ರಭೇದಗಳ ರಕ್ಷಣೆಗೆ ಹೆಚ್ಚಿನ ಆದ್ಯತೆ ಬೇಕೆಂದು ತಿಳಿಸಿತು. ಗೂಡಿನ ಸಮೀಪ ಹೋಗದಿರುವುದು, ಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ವಂಚಿಸಿ ಕರೆಯದಿರುವುದು, ಈ ಎರಡು ಸಂಯಮಗಳಿದ್ದರೆ ಇಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ.

ಪತಂಗಗಳ ವಿಷಯ ಇಷ್ಟು ಸರಳವಲ್ಲ. ಅವುಗಳಲ್ಲಿ ಹೆಚ್ಚಿನವು ನಿಶಾಚರಿಗಳು. ಅವುಗಳನ್ನು ಕಾಣಬೇಕಾದರೆ ದೀಪ ಹಚ್ಚಬೇಕು. ಬಿಳಿಯ ಬಟ್ಟೆಯೊಂದನ್ನು ಕಟ್ಟಿ ಅದರ ಮುಂದೆ ದೀಪವಿಡುವುದು ಒಂದು ಕ್ರಮ. ದೀಪದ ಕೆಳಗೆ ಆಲಿಕೆಯುಳ್ಳ ಪೆಟ್ಟಿಗೆಯನ್ನಿರಿಸಿ, ಒಳಬಿದ್ದ ಪತಂಗಗಳು ಕುಳಿತುಕೊಳ್ಳಲು ರಟ್ಟಿನ ತಟ್ಟೆಗಳನ್ನು ಜೋಡಿಸಿ, ಬೆಳಿಗ್ಗೆ ಎಣಿಸಿ ಬಿಟ್ಟುಬಿಡುವುದು ಮತ್ತೊಂದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರವು 1960ರ ದಶಕದಿಂದ ದೇಶವ್ಯಾಪಿಯಾಗಿ ಇಂತಹ ದೀಪಗಳ ಜಾಲವನ್ನು ನಡೆಸುತ್ತ ಬಂದಿದೆ. 1968ರಿಂದ 2017ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಶೇಕಡಾ 33ರಷ್ಟು ಇಳಿದಿದೆ ಎಂಬುದು ಆ ಎಣಿಕೆಯಿಂದಲೇ ಹೊರಬಿತ್ತು. ಎಣಿಸದಿದ್ದರೆ ಈ ಮೌನವಾದ ನಾಶ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಆ ಜಾಲದ ಪೆಟ್ಟಿಗೆಗಳಲ್ಲಿ ಬಿದ್ದ ಪತಂಗಗಳು ಸಾಯುತ್ತವೆ. ಹವ್ಯಾಸಿಗಳ ಪೆಟ್ಟಿಗೆಗಳಿಂದಲಾದರೋ ಅವು ಜೀವಸಹಿತ ಬಿಡುಗಡೆ ಹೊಂದುತ್ತವೆ.

ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಸಾಧನ ಶುದ್ಧವಾಗುವುದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಬಂಧವನ್ನೂ ಅನ್ನಪಾನನಿರೋಧವನ್ನೂ ಸೇರಿಸಿರುವುದು ಗಮನಾರ್ಹ. ಕೊಲ್ಲದಿದ್ದರೂ ಕಟ್ಟಿಹಾಕುವುದು ದೋಷವೇ. ನಾಲ್ಕು ಇಂದ್ರಿಯಗಳುಳ್ಳ ಪತಂಗಕ್ಕೆ ಒಂದು ರಾತ್ರಿ ಅಲ್ಪಕಾಲವಲ್ಲ. ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಕಾಣುವ ಅಟ್ಲಾಸ್ ಪತಂಗವು ರೆಕ್ಕೆ ಬಂದ ಮೇಲೆ ಆಹಾರವನ್ನೇ ಸೇವಿಸಲಾರದು. ಕೆಲವೇ ದಿನಗಳಲ್ಲಿ ಸಂತಾನಕಾರ್ಯ ಮುಗಿಸಿ ಅಳಿಯುತ್ತದೆ. ಅದರ ಒಂದು ರಾತ್ರಿಯನ್ನು ಕಸಿಯುವುದೆಂದರೆ ಬಾಳಿನ ಬಹುಭಾಗವನ್ನು ಕಸಿದಂತೆ. ಇನ್ನೊಂದು ಅಪಾಯವೂ ಉಂಟು. ಬೆಳಿಗ್ಗೆ ಬಯಲಿನಲ್ಲಿ ಬಿಟ್ಟ ಪತಂಗಗಳನ್ನು ಆ ಜಾಗದ ಪರಿಚಯವಾದ ಹಕ್ಕಿಗಳು ಕಾದಿದ್ದು ತಿನ್ನುತ್ತವೆ. ಕೊಂದದ್ದು ಹಕ್ಕಿಯಾದರೂ, ಅದಕ್ಕೆ ಔತಣ ಬಡಿಸಿದ್ದು ಎಣಿಸಿದವನ ಪ್ರಮಾದ.

ಇಂತಹ ಕಾರ್ಯವನ್ನು ಯಾವ ಬಗೆಯ ಹಿಂಸೆಯಲ್ಲಿ ಎಣಿಸಬೇಕು? ಕೊಲ್ಲುವ ಸಂಕಲ್ಪವಿಲ್ಲವಾದ್ದರಿಂದ ಇದು ಸಂಕಲ್ಪಿ ಹಿಂಸೆಯಲ್ಲ. ಆದರೆ ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿರುವ ಅನಿವಾರ್ಯತೆಯೂ ಇಲ್ಲಿಲ್ಲ. ಮನುಷ್ಯನು ತಾನಾಗಿ ಕೈಗೊಂಡ ಕೆಲಸವಿದು. ಆದುದರಿಂದಲೇ ಇಲ್ಲಿ ಯತ್ನಾಚಾರದ ಹೊಣೆ ಇನ್ನೂ ಹೆಚ್ಚು. ಪೆಟ್ಟಿಗೆಗಿಂತ ಬಟ್ಟೆ ಮೇಲು. ಇರುಳೆಲ್ಲ ಉರಿಸುವುದಕ್ಕಿಂತ ಒಂದೆರಡು ತಾಸು ಸಾಕು, ಪ್ರತಿದಿನವೂ ಬೇಡ. ಮುಗಿದೊಡನೆ ದೀಪವನ್ನು ಆರಿಸಬೇಕು, ಉಳಿದ ಪತಂಗಗಳನ್ನು ದಟ್ಟ ಪೊದೆಯ ಮರೆಗೆ ಸೇರಿಸಬೇಕು. ದೇಹವನ್ನು ಕತ್ತರಿಸಿ ನೋಡಿದಲ್ಲದೆ ಗುರುತು ಸಿಗದ ಪ್ರಭೇದಗಳು ಅನೇಕವಿವೆ. ಅಂತಹವುಗಳ ಎದುರಿಗೆ 'ನಿಶ್ಚಯವಿಲ್ಲ' ಎಂದು ಬರೆಯುವುದೇ ಸತ್ಯವ್ರತ. ಹಾಗೆಯೇ ಪಟ್ಟಿ ಉದ್ದವಾದಷ್ಟೂ ಅದರ ಮೇಲೆ ಮಮಕಾರ ಬೆಳೆಯುವುದನ್ನು ಕಂಡುಕೊಳ್ಳಬೇಕು, ಸಂಖ್ಯೆಯೂ ಪರಿಗ್ರಹವಾಗಬಲ್ಲದು.

ಹೀಗೆ ಎಣಿಸುವವನಿಗೆ ನಿಯಮ ಹೇಳುವ ನಾವು ನಮ್ಮ ದೀಪಗಳನ್ನೂ ಒಮ್ಮೆ ನೋಡಬೇಡವೇ? ದೀಪಕ್ಕೆ ಬೀಳುವ ಪತಂಗವನ್ನು ರೂಪದ ಮೋಹಕ್ಕೆ ಬಲಿಯಾದ ಜೀವವೆಂದು ನಮ್ಮ ಉಪದೇಶಗಳಲ್ಲಿ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಕೀಟಗಳ ಹಾರಾಟವನ್ನು ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿ, ಬೇರೊಂದು ಕಾರಣವನ್ನು ತೋರಿಸಿತು. ಇರುಳಿನಲ್ಲಿ ಹಾರುವ ಕೀಟವು ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ; ಏಕೆಂದರೆ ಆಕಾಶವೇ ಹೆಚ್ಚು ಬೆಳಗುವ ದಿಕ್ಕು, ಅದರಿಂದಲೇ ಮೇಲು ಕೆಳಗಿನ ಅರಿವು. ಸಮೀಪದ ದೀಪ ಈ ಅರಿವನ್ನು ಕೆಡಿಸುತ್ತದೆ. ಕೀಟ ಅದರ ಸುತ್ತಲೇ ಸುತ್ತುತ್ತ ಬಿಡಿಸಿಕೊಳ್ಳಲಾರದೆ ಬಳಲುತ್ತದೆ. ದೃಷ್ಟಾಂತವು ನಮ್ಮ ಮೋಹವನ್ನು ತಿದ್ದಲು ಹೇಳಿದ್ದಾದ್ದರಿಂದ ಅದರ ಬೆಲೆ ತಗ್ಗುವುದಿಲ್ಲ. ಆದರೆ ಪತಂಗದ ಸಾವಿಗೆ ಪತಂಗವೇ ಹೊಣೆಯೆಂದು ಇನ್ನು ಹೇಳಲಾಗದು. ಹೊಣೆ ದೀಪ ಹಚ್ಚಿದವನದು.

ರಾತ್ರಿಭೋಜನ ತ್ಯಾಗವನ್ನು ವಿಧಿಸಿದ ಹಿರಿಯರ ಕಣ್ಣಿನಲ್ಲಿ ಇದೇ ಸೂಕ್ಷ್ಮಜೀವಿಗಳಿದ್ದವು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯ ಅಂಗಳದಲ್ಲಿ, ಬಸದಿಯ ಪ್ರಾಕಾರದಲ್ಲಿ, ಬೆಳಗಿನವರೆಗೆ ಪ್ರಖರವಾದ ಬಿಳಿಯ ದೀಪ ಉರಿಯುತ್ತಿದ್ದರೆ ಆ ವ್ರತದ ಆಶಯ ಅರ್ಧ ಮಾತ್ರ ನೆರವೇರಿದಂತೆ. ಪತಂಗಗಳನ್ನು ಎಣಿಸುವವನು ತನ್ನ ದೀಪಕ್ಕೆ ಬಂದ ಜೀವಗಳ ಲೆಕ್ಕವನ್ನಾದರೂ ಇಡುತ್ತಾನೆ, ಆರಿಸಿ ಬಿಡುತ್ತಾನೆ. ನಮ್ಮ ಅಲಂಕಾರದೀಪಗಳ ಕೆಳಗೆ ಬಿದ್ದವುಗಳನ್ನು ಬೆಳಿಗ್ಗೆ ಗುಡಿಸಿ ಹಾಕುತ್ತೇವೆ, ಲೆಕ್ಕವಿಲ್ಲ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಪೂಜೆ, ಉತ್ಸವಗಳು ಮುಗಿದ ಮೇಲೆ ಹೊರಗಿನ ದೀಪಗಳನ್ನು ಆರಿಸಬಹುದು. ಭದ್ರತೆಗೆ ಬೇಕಾದವುಗಳಿಗೆ ಬೆಳಕು ಕೆಳಮುಖವಾಗಿ ಬೀಳುವಂತೆ ಮರೆ ಕಟ್ಟಬಹುದು. ನೀಲಿ ಛಾಯೆಯ ಬಿಳಿ ಬೆಳಕಿಗಿಂತ ಹಳದಿ ಬೆಳಕು ಕೀಟಗಳನ್ನು ಕಡಿಮೆ ಸೆಳೆಯುವುದರಿಂದ ಅದನ್ನೇ ಆರಿಸಿಕೊಳ್ಳಬಹುದು. ಹಿಂದಿನ ಕುರುಚಲನ್ನು ಸುಟ್ಟು ಬಯಲು ಮಾಡದೆ ಉಳಿಸಬಹುದು. ಆ ಕುರುಚಲಿನಲ್ಲಿ ಏನೇನು ಬಾಳುತ್ತಿದೆ ಎಂಬುದನ್ನು, ಮೇಲೆ ಹೇಳಿದ ನಿಯಮಗಳಿಗೆ ಒಳಪಟ್ಟು ಬರೆದಿಡುವ ಹೊಣೆಯನ್ನು ಊರಿನ ಮಕ್ಕಳಿಗೆ ವಹಿಸಬಹುದು. ಯಾವ ಜೀವಗಳು ನಮ್ಮ ನಡುವೆ ಇವೆಯೆಂದು ತಿಳಿಯದವರ ದಯೆಗೆ ಹೋಗಿ ಸೇರಲು ನೆಲೆಯಿರುವುದಿಲ್ಲ.