ಮರೆತವರ ಮುಂದೆ ಸತ್ಯ

 



ದಿನಾಲೂ ಪಂಚಶೀಲ ಹೇಳುತ್ತೇವೆ. ನಾಲ್ಕನೆಯ ಶೀಲ ಸುಳ್ಳಾಡದಿರುವುದು. ಇಂದಿನ ಚಿಂತನೆಗೆ ಒಂದು ಪ್ರಶ್ನೆ: ನೆನಪು ಕಳೆದುಕೊಂಡ ಹಿರಿಯರ ಜೊತೆ ಇರುವಾಗ ಸತ್ಯದಿಂದ ನಡೆಯುವುದು ಅಂದರೆ ಏನು?

ನಮ್ಮ ಕಡೆ ಇದನ್ನು ಅರವತ್ತರ ಅರಳು ಮರಳು ಎಂದು ಬಿಟ್ಟುಬಿಡುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟುವವರೂ ಇದ್ದಾರೆ. ಡಿಮೆನ್ಷಿಯಾ ಮಿದುಳಿನ ಕಾಯಿಲೆಯಿಂದ ಬರುವ ಸ್ಥಿತಿ. ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಆಲ್ಝೈಮರ್. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ಡಾಕ್ಟರಿಗೆ ತೋರಿಸಬೇಕು. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಅಳಿಸುತ್ತದೆ, ಹಳೆಯದು ಬಹಳ ದಿನ ಉಳಿಯುತ್ತದೆ.

ಹಳೆಯದು ಉಳಿಯುತ್ತದೆ ಎನ್ನುವುದು ನಮ್ಮ ಓಣಿಗಳಲ್ಲಿ ಸಣ್ಣ ಮಾತಲ್ಲ. ನಮ್ಮ ಹಿರಿಯರ ಹಳೆಯದರಲ್ಲಿ ಏನಿತ್ತು ಎಂಬುದು ನಮಗೆಲ್ಲ ಗೊತ್ತು.

ಅಲಖನೂರಿನಲ್ಲಿ ಶಾಲೆ ಬಿಟ್ಟ ಮೇಲೆ ಸಂಜೆ ನಾನು ಆಯಿಯ ಹತ್ತಿರ ಕೂಡುತ್ತೇನೆ. ಆಕೆಗೆ ಎಂಬತ್ತೈದು ದಾಟಿದೆ. ದೀಕ್ಷೆ ತೆಗೆದುಕೊಂಡದ್ದು ಮರೆತಿದೆ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡಿ, "ಈ ಸಾಹೇಬ್ರು ಯಾರೋ?" ಎಂದು ಕೇಳುತ್ತಾಳೆ. ಆದರೆ ನೀರಡಿಕೆ ಆದಾಗ ತನ್ನದೇ ಮನೆಯ ಹೊಸ್ತಿಲ ಆಚೆ ಕುಕ್ಕರಗಾಲಲ್ಲಿ ಕುಳಿತು, ಬೊಗಸೆ ಒಡ್ಡಿ, "ಯಪ್ಪಾ, ಮ್ಯಾಲಿಂದ ನೀರ ಹಾಕ್ರಿ" ಅನ್ನುತ್ತಾಳೆ. ಎದುರಿಗಿರುವ ಮೊಮ್ಮಗ ಆಗ ಆಕೆಯ ಕಣ್ಣಿಗೆ ಯಾವುದೋ ಹೊಲದ ಸಾವಕಾರ.

ಈಗ ಏನು ಮಾಡಬೇಕು? "ಆಯಿ, ಆ ಕಾಲ ಹೋತು, ಸಂವಿಧಾನ ಬಂದೈತಿ" ಎನ್ನಬಹುದು. ಅದು ನಿಜ, ಆದರೆ ಆಕೆ ಇನ್ನಷ್ಟು ಹೆದರುತ್ತಾಳೆ. ಸಾವಕಾರನ ಹಾಗೆ ನಿಂತು ಮೇಲಿಂದ ನೀರು ಹೊಯ್ಯಬಹುದು. ಆಕೆ ತಕ್ಷಣ ಸಮಾಧಾನ ಆಗುತ್ತಾಳೆ. ಆದರೆ ಆ ಸಮಾಧಾನಕ್ಕಾಗಿ ನಮ್ಮ ಕೈಯೇ ಅಸ್ಪೃಶ್ಯತೆ ಆಚರಿಸಿದಂತಾಗುತ್ತದೆ.

ಭಗವಾನರು ಅಭಯ ರಾಜಕುಮಾರನಿಗೆ ಮಾತಿನ ವಿಷಯ ತಿಳಿಸಿದ್ದು ಇಲ್ಲಿ ನೆರವಾಗುತ್ತದೆ. ತಥಾಗತರ ಮಾತು ನಿಜವಾಗಿರುತ್ತದೆ, ಹಿತವನ್ನೂ ಮಾಡುತ್ತದೆ, ಅದನ್ನು ಆಡುವ ಹೊತ್ತನ್ನೂ ಅವರು ಬಲ್ಲರು. ನಿಜವಿದ್ದೂ ಹಿತವಿಲ್ಲದ್ದನ್ನು ಅವರು ಆಡುವುದಿಲ್ಲ. ಸುಳ್ಳು ಕೇಳಲು ಎಷ್ಟೇ ಹಿತವಾಗಿದ್ದರೂ ಅದಕ್ಕೆ ಅಲ್ಲಿ ಜಾಗವಿಲ್ಲ. ಅಂದರೆ ಸುಳ್ಳಾಡಬಾರದು ಎಂಬ ಶೀಲ, ಕಂಡಲ್ಲೆಲ್ಲ ತಿದ್ದಬೇಕು ಎಂದು ಹೇಳುವುದಿಲ್ಲ. ಎರಡರ ನಡುವೆ ಮೌನವಿದೆ, ಕೆಲಸವಿದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಭಾಷಣದಲ್ಲಿ ಹೇಳಿದ ಸಮತೆಯನ್ನು ಕೈಯಿಂದ ಮಾಡಿ ತೋರಿಸಿದರು. ನಾನೂ ಆಯಿಯ ಜೊತೆ ವಾದ ಮಾಡುವುದಿಲ್ಲ. ಹೊಸ್ತಿಲು ದಾಟಿ ಆಕೆಯ ಪಕ್ಕ ನೆಲಕ್ಕೆ ಕೂಡುತ್ತೇನೆ. ಅದೇ ತಂಬಿಗೆಯಿಂದ ನಾನೊಂದು ಗುಟುಕು ಕುಡಿದು ಆಕೆಯ ಕೈಗೆ ಕೊಡುತ್ತೇನೆ. ಕೆಲವು ದಿನ ತೆಗೆದುಕೊಳ್ಳುತ್ತಾಳೆ. ಕೆಲವು ದಿನ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಗಂಟಲು ಒಣಗಿದವರಿಗೆ ಮೊದಲು ನೀರು ಬೇಕು. ಆಗ ಬೊಗಸೆಗೇ ಹಾಕುತ್ತೇನೆ, ಕುಳಿತೇ, ಆಕೆಯ ಕೈಗಳ ಕೆಳಗೆ ನನ್ನ ಒಂದು ಕೈ ಹಿಡಿದು. ಆ ಮುಟ್ಟುವಿಕೆ ಸುಳ್ಳು ಹೇಳುವುದಿಲ್ಲ, ಹೆದರಿಸುವುದೂ ಇಲ್ಲ.

"ಧಮ್ಮವೇ ನೆನಪಿಲ್ಲ ಅಂದಮೇಲೆ ಅವಳ ದೀಕ್ಷೆಯಿಂದ ಏನು ಬಂತು?" ಎಂದು ಕೇಳುವವರಿದ್ದಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆತ್ಮದ ನಂಬಿಕೆಯನ್ನು ಒಪ್ಪಲಿಲ್ಲ, ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸಂಬಂಧದಲ್ಲಿ ಇಟ್ಟರು. ಇಬ್ಬರ ನಡುವೆ ಇರುವುದನ್ನು ಒಬ್ಬರು ಮರೆತರೆ ಇನ್ನೊಬ್ಬರು ಕಾಯಬೇಕು. ಜಾತಿ ನಮ್ಮನ್ನು ಹುಟ್ಟಿನಿಂದ ಅಳೆಯಿತು. ನಾವು ಹಿರಿಯರನ್ನು ನೆನಪಿನಿಂದ ಅಳೆದರೆ, ತಕ್ಕಡಿ ಅದೇ, ಕಲ್ಲು ಮಾತ್ರ ಬೇರೆ.

ವಿನಯಪಿಟಕದಲ್ಲಿ ಒಬ್ಬ ರೋಗಿ ಭಿಕ್ಖುವಿನ ಪ್ರಸಂಗವಿದೆ. ಆತ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಅವನಿಂದ ತಮಗೇನೂ ಉಪಯೋಗವಿಲ್ಲವೆಂದು ಉಳಿದವರು ನೋಡಿಕೊಂಡಿರಲಿಲ್ಲ. ಭಗವಾನರು ಆನಂದನೊಡನೆ ಸ್ವತಃ ಅವನನ್ನು ತೊಳೆದು ಮಲಗಿಸಿದರು. ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದರು. ನಮ್ಮ ಮನೆಗಳಲ್ಲಿ ಈ ತೊಳೆಯುವ ಕೆಲಸ ಹೆಚ್ಚಾಗಿ ಸೊಸೆಯಂದಿರ ಪಾಲಿಗೇ ಬರುತ್ತದೆ. ಗಂಡಸರೂ ಪಾಳಿ ಹಚ್ಚಿಕೊಂಡರೆ ಸಮತೆ ಮನೆಯೊಳಗೂ ಬಂದೀತು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಹಿರಿಯರಿದ್ದರೆ ಇವತ್ತು ಅರ್ಧ ತಾಸು ಅವರ ಪಕ್ಕ ಕೂಡಿರಿ. "ನಾ ಯಾರು ಗೊತ್ತಾತೇನು?" ಎಂದು ಪರೀಕ್ಷೆ ಮಾಡಬೇಡಿರಿ. ಅವರು ಯಾರೆಂದು ನಮಗೆ ಗೊತ್ತಿದ್ದರೆ ಸಾಕು.

ಭವತು ಸಬ್ಬ ಮಂಗಲಂ.