ಗಡ್ಡೆ ಕಾಯುವುದಿಲ್ಲ

'ಸ್ವಲ್ಪ ದಿನ ಕಾಯಿರಿ' ಅನ್ನೋ ಮಾತು ನಮಗೆ ಹೊಸದಲ್ಲ. ಕಚೇರಿಯ ಹೊರಗೆ, ಆಸ್ಪತ್ರೆಯ ವರಾಂಡದಲ್ಲಿ ನಮ್ಮ ಅಪ್ಪ ಅವ್ವ ಕಾದು ಕಾದೇ ಸವೆದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಕ್ಯಾನ್ಸರ್ ರೋಗಿಗೂ ಇದೇ ಮಾತು. ಗಡ್ಡೆಗೆ ಲಾಕ್‌ಡೌನ್ ಗೊತ್ತೆ?

ಭಾರತದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ ನಮ್ಮ ಮುಂದಿದೆ. 2019ರ ಮಾರ್ಚ್‌ನಿಂದ ಮೇವರೆಗೆ ಹೆಸರು ಬರೆಸಿದ ಹೊಸ ರೋಗಿಗಳು 1,12,270. 2020ರ ಅದೇ ಮೂರು ತಿಂಗಳಲ್ಲಿ 51,760. ಉಳಿದವರ ರೋಗ ವಾಸಿಯಾಯಿತೆ? ಬಸ್ಸು ನಿಂತಿತ್ತು, ಕೂಲಿ ನಿಂತಿತ್ತು, ಭಯ ಮಾತ್ರ ಓಡಾಡುತ್ತಿತ್ತು.

ಹೊಸ ಔಷಧಿಯ ಎಷ್ಟೋ ಪ್ರಯೋಗಗಳು ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದವು. ವೈದ್ಯರನ್ನು ನಾವು ದೂರುತ್ತಿಲ್ಲ. ಕೀಮೋದಿಂದ ಸೋತ ಮೈಗೆ ಸೋಂಕು ತಗುಲದಿರಲಿ ಎಂಬ ಕಾಳಜಿ ನಿಜವೇ. ನಮ್ಮ ತಕರಾರು ಬೇರೆ. ಅದೇ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪ್ರಯೋಗದಲ್ಲಿರುವವರನ್ನು ಫೋನಿನಲ್ಲೇ ವಿಚಾರಿಸಬಹುದು, ಪರೀಕ್ಷೆ ಹತ್ತಿರದ ಲ್ಯಾಬಿನಲ್ಲಾಗಬಹುದು, ಕೆಲವು ಔಷಧಿ ಮನೆಗೇ ಕಳಿಸಬಹುದು ಎಂದಿತು.

ಅಂದಮೇಲೆ ದೂರ ಎಂಬುದು ದೇವರು ಎಳೆದ ಗೆರೆಯಲ್ಲ. ಉಳ್ಳವರ ಬಾಗಿಲಿಗೂ ಬೀಗ ಬಿದ್ದಾಗ ನಿಯಮ ಬಗ್ಗಿತು. ದಿನಗೂಲಿ ಬಿಟ್ಟು ನೂರು ಮೈಲಿ ಬರಲಾಗದ ಹಳ್ಳಿಯವಳಿಗೆ ದಿನವೂ ಲಾಕ್‌ಡೌನೇ. ಅವಳಿಗಾಗಿ ಯಾಕೆ ಬಗ್ಗಲಿಲ್ಲ? ಬರಬಲ್ಲವರ ಮೈಯಿಂದ ಮಾತ್ರ ಕಲಿತ ವಿಜ್ಞಾನ ಬರಲಾಗದವರ ಮೈಯನ್ನು ಅರಿಯುವುದು ಹೇಗೆ?

ನಾವು ಯಾರ ಪ್ರಯೋಗದ ಇಲಿಗಳೂ ಅಲ್ಲ. ತಿಳಿದು, ಒಪ್ಪಿ, ಪಾಲು ಕೇಳುವ ಮನುಷ್ಯರು. ನಮಗೆ ದಯೆ ಬೇಡ. ಪಿಡುಗಿನಲ್ಲಿ ತೆರೆದ ಬಾಗಿಲನ್ನು ಪಿಡುಗು ಇಳಿದ ಮೇಲೆ ಮುಚ್ಚಬೇಡಿ.